ಶುಗರ್ ಬೇಗ ಪತ್ತೆಯಾಗಿತ್ತು, ಆದರೂ ಬೆರಳು ಹೋಯಿತು: ಹೊಸನಗರ ಕಡೆಯ ಒಂದು ಪ್ರಕರಣ

ಈ ಪ್ರಕರಣದ ಹೆಂಗಸಿಗೆ ಈಗ 58 ವರ್ಷ. ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಬಸ್ ನಿಲ್ಲುವ ಜಾಗದಿಂದ ಮನೆಗೆ ಹೋಗಲು ತೋಟ, ಹಳ್ಳ ದಾಟಿ ಒಳಗೆ ನಡೆಯಬೇಕು. ಒಂದೂವರೆ ಎಕರೆ ಅಡಿಕೆ, ಸ್ವಲ್ಪ ಗದ್ದೆ, ಎರಡು ದನ. 2019ರಲ್ಲಿ ಶುಗರ್ ಇದೆ ಅಂತ ಗೊತ್ತಾಯಿತು. 2024ರ ಮಳೆಗಾಲದಲ್ಲಿ ಎಡಗಾಲಿನ ಕಿರುಬೆರಳು ತೆಗೆಯಬೇಕಾಯಿತು. ನಡುವಿನ ಐದು ವರ್ಷ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಬಳಿ ಊರಿನಲ್ಲಿ ನಂದೊಂದು ಮೆಡಿಕಲ್ ಶಾಪ್ ಇದೆ. ಗಂಡನ ಬಿಪಿ ಮಾತ್ರೆಗೆ ಅವರು ವರ್ಷಗಳಿಂದ ಬರುತ್ತಾರೆ. ಅಕ್ಕ ಅಂತ ಕರೆದು ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ. ಅವರನ್ನು ಕೇಳಿಯೇ ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶುಗರ್ ಬಗ್ಗೆ ಮಾತು ಬಂದಾಗಲೆಲ್ಲ ನಾವು "ಬೇಗ ಪತ್ತೆ ಹಚ್ಚಿ" ಅನ್ನುತ್ತೇವೆ. ಅಕ್ಕನಿಗೆ ಬೇಗನೇ ಪತ್ತೆಯಾಗಿತ್ತು. ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಅಂಗಡಿಯಲ್ಲಿ ಕೊಂಡರೂ ಮೆಟ್‌ಫಾರ್ಮಿನ್ ದುಬಾರಿ ಮಾತ್ರೆ ಅಲ್ಲ. ಹಾಗಿದ್ದೂ ಬೆರಳು ಹೋಯಿತು. ಪತ್ತೆಯಾದ ಮೇಲೆ, ಒಂದು ಮಾತ್ರೆ ಚೀಟಿಯಿಂದ ಇನ್ನೊಂದು ಚೀಟಿಯವರೆಗೆ ಅವರ ಕೈ ಹಿಡಿದು ನಡೆಸುವವರು ಯಾರೂ ಇರಲಿಲ್ಲ. ನನ್ನ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಚಿಕಿತ್ಸೆ ಸೋಲುತ್ತಿರುವುದು ಹೆಚ್ಚಾಗಿ ಇಲ್ಲೇ.

ಪತ್ತೆಯಾದ ವರ್ಷ

30 ದಾಟಿದ ಎಲ್ಲರನ್ನೂ ಬಿಪಿ, ಶುಗರ್‌ಗೆ ಪರೀಕ್ಷೆ ಮಾಡಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಶುರುವಾಗಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬುತ್ತಾರೆ. ವಯಸ್ಸು, ಸೊಂಟದ ಸುತ್ತಳತೆ, ಹೊಗೆಸೊಪ್ಪಿನ ಅಭ್ಯಾಸ, ಮೈ ಬಗ್ಗಿಸುವ ಕೆಲಸ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಇಂಥ ಪ್ರಶ್ನೆಗಳು. ಪ್ರತಿ ಉತ್ತರಕ್ಕೆ ಅಂಕ ಇದೆ. ಅಂಕ ನಾಲ್ಕು ದಾಟಿದರೆ ಪರೀಕ್ಷೆಗೆ ಮೊದಲು ಕರೆಯುತ್ತಾರೆ. ಅಕ್ಕನ ಅಂಕ ದಾಟಿತ್ತು. ಸಬ್ ಸೆಂಟರಿನಲ್ಲಿ ಬೆರಳು ಚುಚ್ಚಿ ನೋಡಿದಾಗ 268. ತಾಲ್ಲೂಕು ಆಸ್ಪತ್ರೆಯಲ್ಲಿ ಮತ್ತೆ ನೋಡಿದಾಗ ಖಾಲಿ ಹೊಟ್ಟೆಯಲ್ಲಿ 164, ತಿಂದು ಎರಡು ಗಂಟೆಗೆ 271. ಖಾಲಿ ಹೊಟ್ಟೆಯಲ್ಲಿ 126, ಎರಡು ಗಂಟೆಯ ಪರೀಕ್ಷೆಯಲ್ಲಿ 200 ಮುಟ್ಟಿದರೆ ಡಯಾಬಿಟಿಸ್. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಅಕ್ಕ ದಪ್ಪ ಇಲ್ಲ. ಆಗ ತೂಕ 52 ಕೆ.ಜಿ. "ಇಷ್ಟು ಕೆಲಸ ಮಾಡೋಳಿಗೆ ಎಂತ ಶುಗರ್ ಮಾರಾಯ" ಅಂತ ಮನೆಯವರೇ ನಂಬಲಿಲ್ಲ. ಆದರೆ ಸೊಂಟದ ಸುತ್ತಳತೆ 86 ಸೆಂ.ಮೀ. ಇತ್ತು, ನಮ್ಮ ಹೆಂಗಸರಿಗೆ 80ರ ಒಳಗಿದ್ದರೆ ಒಳ್ಳೆಯದು. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ, ಹೀಗಿರುವವರು ನಮ್ಮಲ್ಲಿ ಬಹಳ ಜನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನುವ ಶುಗರ್ ಸಮೀಕ್ಷೆ 2008ರಿಂದ 2020ರವರೆಗೆ ದೇಶದ ಎಲ್ಲ ಕಡೆ 20 ದಾಟಿದ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ನೂರಕ್ಕೆ 11.4 ಜನರಿಗೆ ಶುಗರ್, 15.3 ಜನ ಅದರ ಹೊಸ್ತಿಲಲ್ಲಿ. ಒಟ್ಟು 10.1 ಕೋಟಿ ಜನರಿಗೆ ಕಾಯಿಲೆ, 13.6 ಕೋಟಿ ಜನ ಹೊಸ್ತಿಲಲ್ಲಿ. ಸಾಧಾರಣ ಬೊಜ್ಜಿಗಿಂತ ಹೊಟ್ಟೆಯ ಬೊಜ್ಜು ಜಾಸ್ತಿ, ನೂರಕ್ಕೆ 39.5 ಜನ. ಕಾಯಿಲೆ ಇರುವವರು ಪೇಟೆಯಲ್ಲಿ ನೂರಕ್ಕೆ 16.4, ಹಳ್ಳಿಯಲ್ಲಿ 8.9. ಆದರೆ ಹೊಸ್ತಿಲಲ್ಲಿ ನಿಂತವರ ಲೆಕ್ಕ ಪೇಟೆಗೂ ಹಳ್ಳಿಗೂ ಹೆಚ್ಚುಕಡಿಮೆ ಒಂದೇ. ಅಂದರೆ ಹಳ್ಳಿಯವರು ಪೇಟೆಯವರ ಹಿಂದೆಯೇ ಬರುತ್ತಿದ್ದೇವೆ. ಶುಗರ್ ಪೇಟೆಯ ಕಾಯಿಲೆ ಅನ್ನುವ ಮಾತನ್ನು ನಾವು ಇನ್ನಾದರೂ ಬಿಡಬೇಕು.

ಕೆಲಸದ ಬಗ್ಗೆಯೂ ಒಂದು ಮಾತು. ಅಕ್ಕ ಬೆಳಗ್ಗೆ ಐದಕ್ಕೆ ಏಳುತ್ತಾರೆ, ಕೊಟ್ಟಿಗೆ, ಹುಲ್ಲು, ಅಡುಗೆ ಎಲ್ಲ ಅವರದೇ. ಆದರೆ ಅಡಿಕೆ ಕೊಯ್ಲು ಶುರುವಾದರೆ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಾರೆ. ಬೆನ್ನು ಮುರಿಯುವ ಕೆಲಸ ಅದು, ನಿಜ. ಆದರೆ ದೊಡ್ಡ ಸ್ನಾಯುಗಳಿಗೆ ಅದರಲ್ಲಿ ಓಡಾಟ ಇಲ್ಲ. ದಣಿವಾಗುತ್ತೆ, ರಕ್ತದ ಸಕ್ಕರೆ ಅಷ್ಟಾಗಿ ಖರ್ಚಾಗಲ್ಲ. ಜೊತೆಗೆ ನಿದ್ದೆ ಬರಬಾರದು ಅಂತ ಗಂಟೆಗೊಮ್ಮೆ ಬೆಲ್ಲದ ಕಾಫಿ, ಬಾಯಲ್ಲಿ ಎಲೆಅಡಿಕೆ.

"ಕಮ್ಮಿ ಆಯ್ತಲ್ಲ"

ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು ಸಲ ಅಂತ ಬರೆದುಕೊಟ್ಟರು. ಮೊದಲ ವಾರ ಹೊಟ್ಟೆ ಕೆಟ್ಟಿತು. ಊಟದ ಜೊತೆಗೇ ನುಂಗಬೇಕು, ಕೆಲವು ದಿನದಲ್ಲಿ ಸರಿ ಹೋಗುತ್ತೆ ಅಂತ ಹೇಳಿದ ಮೇಲೆ ಮುಂದುವರಿಸಿದರು. ಮೂರು ತಿಂಗಳಿಗೆ ಖಾಲಿ ಹೊಟ್ಟೆಯ ಶುಗರ್ 118ಕ್ಕೆ ಇಳಿಯಿತು. ಆ ಚೀಟಿ ತೋರಿಸಿ "ವಾಸಿಯಾಯ್ತು ತಮ್ಮ" ಅಂದರು. ಮಾತ್ರೆಯಿಂದ ಇಳಿದಿದೆ, ಬಿಟ್ಟರೆ ಏರುತ್ತೆ ಅಂತ ಹೇಳಿದೆ. ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಒಮ್ಮೆ ಹಿಡಿದರೆ ಮಾತ್ರೆ ಜನ್ಮಕ್ಕೆ ಅಂಟುತ್ತೆ, ಕಿಡ್ನಿ ಹಾಳಾಗುತ್ತೆ ಅನ್ನುವ ಭಯ.

ಈ ಭಯ ನಮ್ಮ ಕಡೆ ಎಷ್ಟು ಗಟ್ಟಿ ಅಂದರೆ ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿ ನಿಂತ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ಹೊರಗೆ ಹೋಗುತ್ತೆ. ಹಾಗಾಗಿ ಕಿಡ್ನಿ ಆಗಲೇ ತುಂಬಾ ಸೋತಿದ್ದರೆ ಡಾಕ್ಟರು ಅದನ್ನು ಕಮ್ಮಿ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಜನ ನೋಡುವುದು ಈ ಕೊನೆಯ ಭಾಗವನ್ನು ಮಾತ್ರ: "ಅವನಿಗೆ ಕಿಡ್ನಿ ಹೋಯ್ತು, ಡಾಕ್ಟರು ಮಾತ್ರೆ ನಿಲ್ಸಿದ್ರು, ಅಂದ್ರೆ ಮಾತ್ರೆಯಿಂದಲೇ ಹೋಯ್ತು." ಕಾರಣ, ಪರಿಣಾಮ ತಲೆಕೆಳಗಾಗಿಬಿಡುತ್ತೆ. ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದರೆ ಕಿಡ್ನಿ ಹೇಗಿದೆ ಅಂತ ಗೊತ್ತಾಗುತ್ತೆ. ಅಕ್ಕನಿಗೆ ಐದು ವರ್ಷದಲ್ಲಿ ಒಮ್ಮೆಯೂ ಅದು ಆಗಿರಲಿಲ್ಲ.

ಮಾತ್ರೆ ನಿಂತಿತು. ಅದರ ಜಾಗಕ್ಕೆ ಹಾಗಲಕಾಯಿ ರಸ, ಮಧುನಾಶಿನಿ ಪುಡಿ ಬಂತು. 2020ರಲ್ಲಿ ಕೊರೊನಾ. ಆಶಾ ಕಾರ್ಯಕರ್ತೆಯರೆಲ್ಲ ಆ ಕೆಲಸದಲ್ಲೇ ಮುಳುಗಿದರು, ಬಸ್ಸೂ ಇಲ್ಲ. ಶುಗರ್ ರಿಜಿಸ್ಟರಿನಲ್ಲಿ ಅಕ್ಕನ ಹೆಸರು ಇತ್ತು. ಅವರು ಬರಲಿಲ್ಲ, ಅವರನ್ನು ಹುಡುಕಿಕೊಂಡೂ ಯಾರೂ ಹೋಗಲಿಲ್ಲ. ಮಲೆನಾಡಿನ ಆರೋಗ್ಯ ಸಿಬ್ಬಂದಿಗೆ ಹುಡುಕಿಕೊಂಡು ಹೋಗುವುದು ಗೊತ್ತಿಲ್ಲ ಅಂತಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ಇವತ್ತಿಗೂ ಮನೆಮನೆ ತಿರುಗಿ ಜ್ವರ ವಿಚಾರಿಸುತ್ತಾರೆ, ಕಾಡಿನಲ್ಲಿ ಸತ್ತ ಮಂಗ ಸಿಕ್ಕಿದರೂ ಸುದ್ದಿ ಮುಟ್ಟಿಸುತ್ತಾರೆ. ಜ್ವರ ಅಂದರೆ ಇಡೀ ಊರೇ ಎಚ್ಚರಾಗುತ್ತೆ. ಶುಗರ್ ಜ್ವರ ತರಲ್ಲ. ಹಾಗಾಗಿ ಮಾತ್ರೆ ಬಿಟ್ಟವರ ಪಟ್ಟಿ ಯಾರ ಕೈಯಲ್ಲೂ ಇರಲ್ಲ.

ಸಂಕಷ್ಟಿಯ ದಿನ

2022ರಲ್ಲಿ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಬಾಯಾರಿಕೆ, ಜೊತೆಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ. ಆ ತುರಿಕೆಯನ್ನು ಅಕ್ಕ ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಕೊನೆಗೆ ಹೇಳಿದ್ದು ಮಗಳಿಗೆ. ಶುಗರ್ ಏರಿದಾಗ ಅಲ್ಲಿ ಫಂಗಸ್ ಬೆಳೆಯುವುದು ತುಂಬಾ ಸಾಮಾನ್ಯ. ಎಷ್ಟೋ ಹೆಂಗಸರು ಸುಮ್ನೆ ಮುಲಾಮು ಹಚ್ಚಿಕೊಂಡು ದಿನ ದೂಡುತ್ತಾರೆ. ಮತ್ತೆ ಮತ್ತೆ ಬರುತ್ತಿದ್ದರೆ ಶುಗರ್ ನೋಡಿಸಲೇಬೇಕು.

ಈ ಸಲ ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಹೋದರು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಒಂದೇ ಮಾತ್ರೆ ಕೊಟ್ಟರು, ಔಷಧಿ ಕೊಂಡದ್ದೂ ಅಲ್ಲೇ. ಔಷಧಿ ತಪ್ಪಲ್ಲ, ಲಕ್ಷಾಂತರ ಜನ ನುಂಗುತ್ತಾರೆ. ಆದರೆ ಇವೆರಡರ ಕೆಲಸ ಬೇರೆ ಬೇರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ಬಿಡುವುದನ್ನು ತಗ್ಗಿಸುತ್ತೆ, ಅದೊಂದನ್ನೇ ನುಂಗಿದರೆ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅಂತ ಅದು ಕಾಯಲ್ಲ.

ಕೊಯ್ಲಿನ ಹೊತ್ತಿಗೆ ಸಂಕಷ್ಟಿ ಬಂತು. ಚಂದ್ರನನ್ನು ನೋಡುವ ತನಕ ಊಟ ಇಲ್ಲ. ಅಕ್ಕ ಬೆಳಗ್ಗೆ ಮಾತ್ರೆ ನುಂಗಿ, ಸಕ್ಕರೆ ಇಲ್ಲದ ಕಾಫಿ ಕುಡಿದು ಸುಲಿಯಲು ಕೂತರು. ಸಂಜೆ ನಾಲ್ಕರ ಹೊತ್ತಿಗೆ ಮೈಯೆಲ್ಲ ತಣ್ಣಗೆ ಬೆವರು, ಕೈ ನಡುಕ, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ. ಎದುರಿಗೆ ಮೆಟ್ಟುಗತ್ತಿ. ಪಕ್ಕದಲ್ಲಿದ್ದವರು ಎಬ್ಬಿಸಿ ಜಗಲಿಯಲ್ಲಿ ಮಲಗಿಸಿದರು. ಪಿತ್ತ ಕೆದರಿದೆ ಅಂತ ಅತ್ತೆ ಜೋನಿ ಬೆಲ್ಲ, ನಿಂಬೆಹಣ್ಣಿನ ಪಾನಕ ಮಾಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಎದ್ದು ಕೂತರು. ಪಿತ್ತ ಅಂತ ಕೊಟ್ಟ ಪಾನಕವೇ ಅವತ್ತು ಸರಿಯಾದ ಚಿಕಿತ್ಸೆ ಆಯಿತು. ಶುಗರ್ 70ರ ಕೆಳಗೆ ಇಳಿದರೆ ಹೀಗಾಗುತ್ತೆ. ಎಚ್ಚರ ಇದ್ದವರಿಗೆ ತಕ್ಷಣ ಸಕ್ಕರೆ ಅಥವಾ ಬೆಲ್ಲದ ನೀರು, ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತೆ, ಆಸ್ಪತ್ರೆಗೆ ಓಡಬೇಕು.

ಉಪವಾಸದ ದಿನ ಈ ಮಾತ್ರೆ ಹೇಗೆ ತಗೊಳ್ಳಬೇಕು ಅಂತ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಸಂಕಷ್ಟಿ, ಏಕಾದಶಿ, ಶ್ರಾವಣ ಸೋಮವಾರ, ರಂಜಾನ್, ನಮ್ಮಲ್ಲಿ ಉಪವಾಸ ಇಲ್ಲದ ಮನೆ ಕಮ್ಮಿ. "ಉಪವಾಸ ಮಾಡ್ತೀರಾ" ಅಂತ ಚೀಟಿ ಬರೆಯುವ ಮುಂಚೆ ಕೇಳಿದರೆ ಸಾಕಿತ್ತು. ಅವತ್ತಿನಿಂದ ಅಕ್ಕ ಮಾತ್ರೆ ಪೂರ್ತಿ ಬಿಟ್ಟರು. "ಆ ಮಾತ್ರೆ ಕೊಲ್ಲುತ್ತೆ" ಅಂತ ಅವರಿಗೆ ಖಾತ್ರಿಯಾಗಿತ್ತು. ಅನುಭವಿಸಿದವರಿಗೆ ಹಾಗೆ ಅನ್ನಿಸುವುದು ಸಹಜ ಅಲ್ವಾ?

ಕಾಲು

2024ರ ಜುಲೈ. ಮಳೆ ಬಿಡುವೇ ಇಲ್ಲ. ತೋಟಕ್ಕೆ ಹೋದರೆ ಇಂಬಳ (ಜಿಗಣೆ) ಹತ್ತದೆ ಇರಲ್ಲ. ಎಡಗಾಲಿನ ಕೊನೆಯ ಎರಡು ಬೆರಳ ಸಂದಿಯಲ್ಲಿ ಇಂಬಳ ಕಚ್ಚಿದ ಜಾಗ ಒಣಗಲೇ ಇಲ್ಲ. ಹವಾಯಿ ಚಪ್ಪಲಿ, ಕೆಸರು, ಸದಾ ಒದ್ದೆ ಕಾಲು. ಕೆಸರು ಹುಣ್ಣು ಅಂದುಕೊಂಡು ಅರಿಶಿನ ಎಣ್ಣೆ ಹಚ್ಚಿದರು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಕೆಸರು ಹುಣ್ಣು ಯಾರಿಗಿಲ್ಲ? ವ್ಯತ್ಯಾಸ ಒಂದೇ, ಅಕ್ಕನಿಗೆ ಅದು ನೋಯಲಿಲ್ಲ. ನೋಯುತ್ತಿಲ್ಲ ಅಂದರೆ ಏನೂ ಇಲ್ಲ ಅಂತ ಅವರ ಲೆಕ್ಕ.

ನೋಯದೇ ಇದ್ದದ್ದೇ ಅಪಾಯದ ಗುರುತು. ಶುಗರ್ ವರ್ಷಗಟ್ಟಲೆ ಏರಿ ನಿಂತರೆ ಪಾದದ ನರಗಳು ಸೋಲುತ್ತವೆ. ಮೊದಲು ಉರಿ, ಜುಮುಜುಮು, ಆಮೇಲೆ ಮರಗಟ್ಟಿದ ಹಾಗೆ. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಮೋನೊಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ, ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುತ್ತೆ. ಕಣ್ಣು ಮುಚ್ಚಿಸಿ ಪಾದದ ಬೇರೆ ಬೇರೆ ಜಾಗಕ್ಕೆ ಮುಟ್ಟಿಸುತ್ತಾರೆ. ಗೊತ್ತಾಗದಿದ್ದರೆ ಆ ಪಾದಕ್ಕೆ ಕಾವಲು ಬೇಕು ಅಂತ ಅರ್ಥ. ಎರಡು ನಿಮಿಷದ ಕೆಲಸ. ಐದು ವರ್ಷದಲ್ಲಿ ಯಾರೂ ಅಕ್ಕನ ಚಪ್ಪಲಿ ಬಿಚ್ಚಿಸಿ ನೋಡಿರಲಿಲ್ಲ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ವಾಸನೆ ಬರಲು ಶುರುವಾದ ಮೇಲೆ ಮಗಳು ಹೊರಡಿಸಿದಳು. ಶಿವಮೊಗ್ಗದ ಆಸ್ಪತ್ರೆಗೆ ದಾಖಲಾದಾಗ ಶುಗರ್ 412. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 11.8. ಇದು 6.5 ಮುಟ್ಟಿದರೇ ಡಯಾಬಿಟಿಸ್. ಸೋಂಕು ಕಿರುಬೆರಳ ಮೂಳೆಗೆ ಇಳಿದಿತ್ತು. ಬೆರಳು ತೆಗೆದರು, ಪಾದ ಉಳಿಯಿತು. ಕಣ್ಣಿನ ಹಿಂಭಾಗ ನೋಡಿದಾಗ ರೆಟಿನಾದಲ್ಲಿ ಶುಗರಿನ ಮೊದಲ ಗುರುತುಗಳು ಕಂಡವು. ಮೂತ್ರದಲ್ಲಿ ಸ್ವಲ್ಪ ಆಲ್ಬುಮಿನ್ ಇತ್ತು.

ಅಕ್ಕನ ಕಥೆ ಒಬ್ಬರದಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇಂಡಿಯಾಬ್ ತಂಡವೇ 2022ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತ್ತು. ಶುಗರ್ ಇದೆ ಅಂತ ಗೊತ್ತಿರುವವರಲ್ಲಿ ಎಚ್‌ಬಿಎ1ಸಿ 7ರ ಒಳಗೆ ಇಟ್ಟುಕೊಂಡವರು ನೂರಕ್ಕೆ 36.3 ಮಾತ್ರ. ಶುಗರ್, ಬಿಪಿ, ಕೆಟ್ಟ ಕೊಲೆಸ್ಟರಾಲ್ ಮೂರೂ ಹಿಡಿತದಲ್ಲಿರುವವರು 7.7. ಇವರೆಲ್ಲ ಪತ್ತೆಯಾದವರು ಅನ್ನುವುದನ್ನು ಗಮನಿಸಿ. ನೂರಕ್ಕೆ 92 ಜನ ಪತ್ತೆಯಾದ ಮೇಲೂ ಒಂದಲ್ಲ ಒಂದು ಕಡೆ ಜಾರಿದ್ದಾರೆ.

ಆಮೇಲೆ ಏನು ಬದಲಾಯಿತು

ಹೊಸ ಔಷಧಿ ಏನೂ ಬರಲಿಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆರಡು ಹೊತ್ತು ಇನ್ಸುಲಿನ್ ಶುರು ಮಾಡಿದರು, ಗಾಯ ಒಣಗಿದ ಮೇಲೆ ರಾತ್ರಿ ಒಂದೇ ಹೊತ್ತಿಗೆ ಇಳಿಸಿದರು. ಜೊತೆಗೆ ಅದೇ ಹಳೆಯ ಮೆಟ್‌ಫಾರ್ಮಿನ್. ಬದಲಾದದ್ದು ಸುತ್ತಲಿನ ಏರ್ಪಾಡು.

ಇನ್ಸುಲಿನ್ ಅಂದಾಗ ಅಕ್ಕ ಅತ್ತುಬಿಟ್ಟರು. ಇದು ಕೊನೆಯ ಹಂತ ಅಂತ ಅವರ ಮನಸ್ಸಿಗೆ ಬಂದಿತ್ತು. ಮಗಳಿಗೆ ಚುಚ್ಚಲು ಕಲಿಸುವಾಗ ನಾನು ಮೊದಲು ಹೇಳಿದ್ದು ಸಿರಿಂಜಿನ ವಿಷಯ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್‌ ಇರುವವು ಇವೆ, 100 ಯೂನಿಟ್‌ ಇರುವವೂ ಇವೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಏರುಪೇರು. ಬಾಟಲಿ, ಸಿರಿಂಜು ಎರಡನ್ನೂ ಒಟ್ಟಿಗೆ ಹಿಡಿದು ನೋಡದೆ ಚುಚ್ಚಬಾರದು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರದ ಊರು ಅದು. "ಫ್ರಿಜ್ ಇಲ್ಲದಿದ್ರೆ ಇನ್ಸುಲಿನ್ ಎಂತ ಮಾಡೋದು?" ಅಂತ ಭಾವ ಕೇಳಿದರು, ಸರಿಯಾದ ಪ್ರಶ್ನೆ. ತೆರೆದ ಬಾಟಲಿ ಮನೆಯ ತಂಪು ಜಾಗದಲ್ಲಿ ಸುಮಾರು ಒಂದು ತಿಂಗಳು ಇರುತ್ತೆ. ಬಿಸಿಲು, ಒಲೆಯ ಹತ್ತಿರ ಬೇಡ. ಬೇಸಿಗೆಯಾದರೆ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಒಂದು ಚಿಕ್ಕ ಕುಡಿಕೆ ಇಟ್ಟು, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಲೇಬಾರದು. ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗೇ ಕಂಡರೂ ಕೆಲಸ ಮಾಡಲ್ಲ, ಎಸೆಯಬೇಕು.

ಸಬ್ ಸೆಂಟರಿನ ಸಮುದಾಯ ಆರೋಗ್ಯ ಅಧಿಕಾರಿ ಬಹಳ ಚುರುಕಿನ ಹುಡುಗಿ. ಮಾತ್ರೆ ಮುಗಿಯುವ ತಾರೀಕನ್ನು ಅಕ್ಕನ ಪುಸ್ತಕದಲ್ಲೂ ತನ್ನ ರಿಜಿಸ್ಟರಿನಲ್ಲೂ ಬರೆದಿಡಲು ಶುರು ಮಾಡಿದರು. ತಾರೀಕು ದಾಟಿದರೆ ಆಶಾ ಕಾರ್ಯಕರ್ತೆಗೆ ಫೋನು. ವೈದ್ಯಾಧಿಕಾರಿಯನ್ನು ಕೇಳಿ ಜೂನ್‌ಗೆ ಮುಂಚೆಯೇ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿಸಿದರು. ಬಸ್ ಬರದ ದಿನಗಳಿಗೆ ಅಕ್ಕಿ, ಉಪ್ಪಿನಕಾಯಿ ಕೂಡಿಡುವ ಊರಿನಲ್ಲಿ ಮಾತ್ರೆ ಕೂಡಿಡುವುದು ಯಾರಿಗೂ ಹೊಸದಾಗಿ ಕಾಣಲಿಲ್ಲ.

ಊಟದ ವಿಷಯದಲ್ಲಿ "ಅನ್ನ ಬಿಡಿ, ರಾಗಿ ತಿನ್ನಿ" ಅಂತ ಹೇಳಿ ಕಳಿಸುವುದು ಸುಲಭ. ಮಲೆನಾಡಿನವರಿಗೆ ಅನ್ನ, ಕಡುಬು, ಅಕ್ಕಿರೊಟ್ಟಿ ಬಿಟ್ಟರೆ ಊಟವೇ ಅಲ್ಲ. ರಾಗಿಯಲ್ಲೂ ಪಿಷ್ಟವೇ ಇರುವುದು, ಗಂಜಿ ಮಾಡಿ ಕುಡಿದರೆ ಶುಗರ್ ಜೋರಾಗೇ ಏರುತ್ತೆ. ಅಕ್ಕನ ಮನೆಯಲ್ಲಿ ಮಾಡಿದ್ದು ಇಷ್ಟು: ಅನ್ನ ಒಂದೇ ಸಲ, ಅಳತೆಯಲ್ಲಿ ಬಡಿಸುವುದು. ಸಾರಿಗಿಂತ ಪಲ್ಯ, ಹುಳಿ ಜಾಸ್ತಿ. ಹುರುಳಿ, ಅಲಸಂದೆ, ಬಸಳೆ, ನುಗ್ಗೆಸೊಪ್ಪು ಹಿತ್ತಲಲ್ಲೇ ಇದೆ. ಮೀನು ತಿನ್ನುವ ಮನೆ, ಘಟ್ಟದ ಕೆಳಗಿನಿಂದ ಭೂತಾಯಿ, ಬಂಗುಡೆ ಬರುತ್ತೆ, ಹುರಿಯುವ ಬದಲು ಸಾರು ಮಾಡಿದರು. ಕಾಫಿ ಎರಡಕ್ಕೆ ಇಳಿಯಿತು, ಬೆಲ್ಲ ಇಲ್ಲದೆ. ಸಕ್ಕರೆ ಬೇಡ, ಬೆಲ್ಲ ಆಗಬಹುದು ಅನ್ನುವ ನಂಬಿಕೆ ಬಿಡಿಸುವುದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹಲಸಿನ ಹಣ್ಣು ನಾಲ್ಕು ತೊಳೆ, ಅದೂ ಅನ್ನ ಕಮ್ಮಿ ಮಾಡಿದ ದಿನ. ಎಲೆಅಡಿಕೆ, ಹೊಗೆಸೊಪ್ಪು ಪೂರ್ತಿ ಬಿಟ್ಟಿಲ್ಲ. ಆ ಮಾತು ಇನ್ನೂ ನಡೆಯುತ್ತಿದೆ.

ಸಂಕಷ್ಟಿ ಬಿಡಿ ಅಂತ ಯಾರೂ ಹೇಳಲಿಲ್ಲ. ಡಾಕ್ಟರ ಹತ್ತಿರ ಮಾತಾಡಿ, ಅವತ್ತು ಮಧ್ಯಾಹ್ನ ಅವಲಕ್ಕಿ ಮೊಸರು, ಹಣ್ಣು ತಿನ್ನುವುದು, ಇನ್ಸುಲಿನ್ ಚಂದ್ರೋದಯದ ಊಟದ ಹೊತ್ತಿಗೆ ಅಂತ ಗೊತ್ತು ಮಾಡಿಕೊಂಡರು. ಗ್ಲಿಮೆಪಿರೈಡ್ ಮತ್ತೆ ಕೊಡಲಿಲ್ಲ.

ಕಾಲಿಗೆ ಮುಂದೆ ಮುಚ್ಚಿದ, ಒಳಗೆ ಮೆತ್ತಗಿನ ಚಪ್ಪಲಿ. ತೋಟಕ್ಕೆ ಮೊಣಕಾಲುದ್ದದ ಗಮ್ ಬೂಟು, ಒಳಗೆ ಒಣ ಕಾಲುಚೀಲ. ಹಾಕುವ ಮುಂಚೆ ಬೂಟು ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು, ಕಲ್ಲು ಇದ್ದರೂ ಪಾದಕ್ಕೆ ಗೊತ್ತಾಗಲ್ಲ. ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ, ಅಂಗಾಲು ಕಾಣುವ ಹಾಗೆ ಕನ್ನಡಿ ಹಿಡಿದು ನೋಡುತ್ತಾರೆ. ಕಣ್ಣು ಮಬ್ಬಾದ ದಿನ ಭಾವ ನೋಡುತ್ತಾರೆ. ಈ ಕೆಲಸ ಅವರು ವಹಿಸಿಕೊಂಡದ್ದು ನನಗೆ ಬಹಳ ಖುಷಿ ಕೊಟ್ಟಿತು. ನಮ್ಮ ಕಡೆ ಗಂಡನ ಮಾತ್ರೆ ಹೆಂಡತಿ ನೆನಪಿಡುತ್ತಾಳೆ, ಹೆಂಡತಿಯ ಮಾತ್ರೆ ಯಾರೂ ನೆನಪಿಡಲ್ಲ. ಐದು ವರ್ಷ ಅಕ್ಕ ಭಾವನ ಬಿಪಿ ಮಾತ್ರೆ ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಈಗಿನ ಸ್ಥಿತಿ

ಆರು ತಿಂಗಳಿಗೆ ಎಚ್‌ಬಿಎ1ಸಿ 8.1, ಆಮೇಲೆ 7.4. 7ರ ಒಳಗೆ ಬಂದಿಲ್ಲ. ಇನ್ಸುಲಿನ್ ತಗೊಳ್ಳುವವರು, ಹಿಂದೆ ಒಮ್ಮೆ ಶುಗರ್ ಕುಸಿದವರು, ಹಾಗಾಗಿ 7.5ರ ಆಸುಪಾಸು ಸಾಕು, ಒತ್ತಿ ಇಳಿಸುವುದು ಬೇಡ ಅಂತ ಡಾಕ್ಟರ ಅಭಿಪ್ರಾಯ. ಮೂತ್ರದ ಆಲ್ಬುಮಿನ್ ಕಂಡ ಮೇಲೆ ಬಿಪಿ ಮಾತ್ರೆಯೂ ಶುರುವಾಗಿದೆ. ಮೊದಲ ಸಲ ಅವರ ಹಿಮೋಗ್ಲೋಬಿನ್ನೂ ನೋಡಿದರು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು, ರಕ್ತಹೀನತೆ ಇಷ್ಟು ಸಾಮಾನ್ಯ ಇರುವ ನಮ್ಮ ಹೆಂಗಸರಲ್ಲಿ ಎರಡನ್ನೂ ಜೊತೆಗೆ ನೋಡುವುದು ಒಳ್ಳೆಯದು.

ಸರಿಯಾಗದ ಸಂಗತಿಗಳೂ ಇವೆ. ಕಣ್ಣಿನ ರೆಟಿನಾ ಪರೀಕ್ಷೆಗೆ ಈಗಲೂ ಶಿವಮೊಗ್ಗಕ್ಕೇ ಹೋಗುತ್ತಾರೆ. ಕಣ್ಣಿಗೆ ಹನಿ ಹಾಕಿದ ಮೇಲೆ ಮಂಜು ಮಂಜು, ಒಬ್ಬರೇ ಬಸ್ ಹತ್ತಿ ಬರಲಾಗಲ್ಲ, ಜೊತೆಗೆ ಹೋದವರ ಒಂದು ದಿನದ ಕೂಲಿ ಹೋಗುತ್ತೆ. ಮನೆಯಲ್ಲೇ ಶುಗರ್ ನೋಡುವ ಗ್ಲುಕೋಮೀಟರ್ ಇದೆ, ಅದರ ಸ್ಟ್ರಿಪ್‌ಗಳು ದುಬಾರಿ, ಹಾಗಾಗಿ ವಾರಕ್ಕೆರಡು ಸಲ ಮಾತ್ರ. ಸಬ್ ಸೆಂಟರಿನ ಆ ಹುಡುಗಿಗೆ ವರ್ಗವಾದರೆ ತಾರೀಕಿನ ಲೆಕ್ಕ ಯಾರು ಇಡುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲ. ಒಬ್ಬರ ಕಾಳಜಿಯ ಮೇಲೆ ನಿಂತ ಏರ್ಪಾಡು ಅದು. ಪ್ರತಿ ಸಬ್ ಸೆಂಟರಿನಲ್ಲೂ "ಈ ತಿಂಗಳು ಮಾತ್ರೆಗೆ ಬಾರದವರು" ಅನ್ನುವ ಒಂದು ಪಟ್ಟಿ ಕಡ್ಡಾಯ ಆಗಬೇಕು. ಎಷ್ಟು ಜನರನ್ನು ಪರೀಕ್ಷೆ ಮಾಡಿದಿರಿ ಅಂತ ಮೇಲಿನವರು ಕೇಳುವಷ್ಟೇ ಜೋರಾಗಿ, ಎಷ್ಟು ಜನ ಮಾತ್ರೆ ಬಿಟ್ಟರು ಅಂತಲೂ ಕೇಳಬೇಕು.

ಅಕ್ಕನ ಮಗಳಿಗೆ 33. ಅಮ್ಮನ ಜೊತೆ ಓಡಾಡುವಾಗ ಸಬ್ ಸೆಂಟರಿನಲ್ಲೇ ಅವಳನ್ನೂ ಪರೀಕ್ಷೆ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಖಾಲಿ ಹೊಟ್ಟೆಯಲ್ಲಿ 112, ಅಂದರೆ ಹೊಸ್ತಿಲು. ಮಾತ್ರೆ ಕೊಟ್ಟಿಲ್ಲ. ತೂಕ ನಾಲ್ಕೈದು ಕೆ.ಜಿ. ಇಳಿಸಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ವರ್ಷಕ್ಕೊಮ್ಮೆ ನೋಡಿಸಿ ಅಂದಿದ್ದಾರೆ. ಅವಳ ಹೆಸರಿನ ಮುಂದೆಯೂ ರಿಜಿಸ್ಟರಿನಲ್ಲಿ ಮುಂದಿನ ತಾರೀಕು ಬರೆದಿದ್ದಾರೆ.